ಗಂಟೆ, ದೀಪ, ಎಡಬದಿ

ಸಂಜೆ ಆರು ಗಂಟೆಯ ಹೊತ್ತು. ಬೆಂಗಳೂರಿನಲ್ಲಿ ನಾಲ್ಕು ರಸ್ತೆಗಳು ಕೂಡುವ ಒಂದು ಸರ್ಕಲ್ಲು. ಕೆಂಪು ದೀಪ ಹೊತ್ತಿಕೊಂಡಿದೆ. ಬಸ್ಸು, ಕಾರು, ಆಟೋರಿಕ್ಷಾ, ಸ್ಕೂಟರುಗಳು ಗುರುಗುಟ್ಟುತ್ತ ನಿಂತಿವೆ. ಅವುಗಳ ಸಂದಿನಿಂದ ಒಂದು ಬೈಸಿಕಲ್ಲು ನುಸುಳಿ ಮುಂದೆ ಬರುತ್ತದೆ. ಸವಾರನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಕೆಂಪು ದೀಪವಿರುವುದು ಮೋಟಾರಿನವರಿಗೆ ಎಂಬ ಭಾವದಿಂದ ಪೆಡಲು ತುಳಿದು ದಾಟಿಯೇ ಬಿಡುತ್ತಾನೆ. ಹಿಂದೆ ನಿಂತ ಕಾರಿನವರು ಗೊಣಗುತ್ತಾರೆ. ಸ್ವಲ್ಪ ಹೊತ್ತಿಗೆ ಹಸಿರು ದೀಪ ಬರುತ್ತದೆ. ಗೊಣಗಿದ ಅದೇ ಕಾರು ಮುಂದಿನ ತಿರುವಿನಲ್ಲಿ, ತನ್ನ ಪಾಡಿಗೆ ಎಡಬದಿಯಲ್ಲಿ ಸಾಗುತ್ತಿರುವ ಇನ್ನೊಬ್ಬ ಸವಾರನ ಮೊಣಕೈಗೆ ತಾಗಿತೋ ಇಲ್ಲವೋ ಎಂಬಂತೆ ಹಾಯ್ದುಹೋಗುತ್ತದೆ. ಈ ಎರಡನೆಯ ಸವಾರನು ಯಾವ ತಪ್ಪನ್ನೂ ಮಾಡಿರಲಿಲ್ಲ.

ಸೈಕಲ್ಲಿನವರಿಗೆ ನಿಯಮವೇ ಇಲ್ಲವೆಂದು ಮೋಟಾರಿನವರ ದೂರು. ಮೋಟಾರಿನವರಿಗೆ ಕಣ್ಣೇ ಇಲ್ಲವೆಂದು ಸೈಕಲ್ಲಿನವರ ದೂರು. ಎರಡರಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಆದರೆ ಒಬ್ಬ ಸವಾರನು ಮುರಿದ ನಿಯಮಕ್ಕೆ ಮತ್ತೊಬ್ಬನು ದಂಡ ತೆರಬೇಕಾಗಿ ಬರುವುದು ವಿಷಾದದ ಸಂಗತಿ. ರಸ್ತೆಯ ಮೇಲೆ ಬೈಸಿಕಲ್ಲಿಗಿರುವ ಹಕ್ಕೂ ಅದು ಪಾಲಿಸಬೇಕಾದ ಕಟ್ಟಳೆಯೂ ಒಂದೇ ಬಳ್ಳಿಯಲ್ಲಿ ಬಿಟ್ಟ ಕಾಯಿಗಳು ಎಂಬುದನ್ನು ಇಬ್ಬರೂ ಮರೆತಿರುವುದೇ ಇದಕ್ಕೆ ಕಾರಣ.

ಬೈಸಿಕಲ್ಲು ‘ಗಾಡಿ’ಯಾದ ಬಗೆ

ಈ ಜಗಳ ಹೊಸದಲ್ಲ. 1817ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಡ್ರೈಸ್ ಎಂಬಾತನು ಎರಡು ಚಕ್ರಗಳ ಓಡುಯಂತ್ರವೊಂದನ್ನು ನಿರ್ಮಿಸಿದನು. ಅದಕ್ಕೆ ಪೆಡಲುಗಳಿರಲಿಲ್ಲ, ಸವಾರನು ಕಾಲಿನಿಂದ ನೆಲವನ್ನು ಒದೆಯುತ್ತ ಸಾಗಬೇಕಾಗಿತ್ತು. ಕುದುರೆಗಾಡಿಗಳು ಕೊರೆದ ರಸ್ತೆಗಿಂತ ಕಾಲುದಾರಿಯೇ ಇಂಥ ಯಂತ್ರಕ್ಕೆ ನುಣುಪಾಗಿತ್ತು. ಸವಾರರು ಅದನ್ನೇ ಹಿಡಿದರು, ಪಾದಚಾರಿಗಳು ಕೆರಳಿದರು. ಆ ವರ್ಷವೇ ಆ ನಗರದಲ್ಲಿ ಕಾಲುದಾರಿಯ ಮೇಲಿನ ಸವಾರಿಗೆ ನಿಷೇಧ ಬಂದಿತು.

ಪೆಡಲುಗಳು ಬಂದ ಮೇಲೆ ವೇಗ ಹೆಚ್ಚಿತು. ವೇಗದೊಡನೆ ವ್ಯಾಜ್ಯವೂ ಹೆಚ್ಚಿತು. ಗಾಡಿಗಳನ್ನು ಜನರ ಪ್ರಾಣಕ್ಕೆ ಅಪಾಯವಾಗುವಂತೆ ಓಡಿಸಬಾರದೆಂಬ ಕಾಯಿದೆ ಇಂಗ್ಲೆಂಡಿನಲ್ಲಿ 1835ರಿಂದಲೂ ಇತ್ತು. ಬೈಸಿಕಲ್ಲು ‘ಗಾಡಿ’ಯೇ ಅಲ್ಲವೇ ಎಂಬ ಪ್ರಶ್ನೆ 1879ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಅದೂ ಒಂದು ಗಾಡಿಯೇ, ಆದುದರಿಂದ ಸವಾರನೂ ಆ ಕಾಯಿದೆಗೆ ಒಳಪಟ್ಟವನೇ ಎಂದು ನ್ಯಾಯಾಧೀಶರು ತೀರ್ಪಿತ್ತರು.

ಸವಾರರಿಗೆ ಇದು ಸೋಲಿನಂತೆ ಕಂಡಿರಬೇಕು. ಆದರೆ ಒಂಬತ್ತು ವರ್ಷಗಳ ತರುವಾಯ, 1888ರಲ್ಲಿ, ಅದೇ ಮಾತು ಅವರ ಪಾಲಿಗೆ ವರವಾಯಿತು. ಆ ವರ್ಷದ ಸ್ಥಳೀಯ ಆಡಳಿತದ ಕಾಯಿದೆಯು ಬೈಸಿಕಲ್ಲನ್ನು ಗಾಡಿಯೆಂದು ಘೋಷಿಸಿತು. ಊರೂರಿಗೊಂದು ನಿರ್ಬಂಧ ಹೇರುವ ಅಧಿಕಾರವನ್ನು ರದ್ದುಗೊಳಿಸಿತು. ಅದಕ್ಕೆ ಪ್ರತಿಯಾಗಿ ಸವಾರನಿಂದ ಅದು ಕೇಳಿದ್ದು ಎರಡೇ: ರಾತ್ರಿಯಲ್ಲಿ ದೀಪ ಹೊತ್ತಿಸಿರಬೇಕು, ಇನ್ನೊಬ್ಬರನ್ನು ದಾಟುವಾಗ ಗಂಟೆಯನ್ನೋ ಸೀಟಿಯನ್ನೋ ಬಾರಿಸಿ ಎಚ್ಚರಿಸಬೇಕು. ಗಂಟೆ, ದೀಪಗಳು ಸವಾರನಿಗೆ ವಿಧಿಸಿದ ದಂಡವಾಗಿರಲಿಲ್ಲ. ರಸ್ತೆಯಲ್ಲಿ ಅವನಿಗೆ ದೊರೆತ ಸ್ಥಾನದ ಮುದ್ರೆಯಾಗಿದ್ದವು.

ಬಿಲ್ಲೆಯ ದಿನಗಳು

ಎಡಬದಿಯ ಸಂಚಾರದೊಡನೆ ಈ ಪದ್ಧತಿಯೂ ಭಾರತಕ್ಕೆ ಬಂದಿತು. ಕನ್ನಡ ನಾಡಿನ ಹಿರಿಯರಿಗೆ ಪುರಸಭೆಯ ಬಿಲ್ಲೆಯ ನೆನಪಿರಬಹುದು. ಕತ್ತಲಾದ ಮೇಲೆ ದೀಪವಿಲ್ಲದೆ ಹೊರಟರೆ, ಇಬ್ಬರು ಕುಳಿತು ‘ಡಬಲ್ ರೈಡ್’ ಹೋದರೆ, ಪೋಲೀಸಿನವನು ಅಡ್ಡಗಟ್ಟುತ್ತಿದ್ದನು. ಕೆಲವೊಮ್ಮೆ ಚಕ್ರದ ಗಾಳಿಯನ್ನೇ ಬಿಟ್ಟು ಕಳುಹಿಸುತ್ತಿದ್ದನು. ಮೊದಲು ಸೀಮೆಎಣ್ಣೆಯ ದೀಪ, ಆಮೇಲೆ ಚಕ್ರಕ್ಕೆ ಉಜ್ಜಿಕೊಂಡು ತಿರುಗುವ ಡೈನಮೋ. ದೀಪವಿಲ್ಲದ ಸೈಕಲ್ಲನ್ನು ತಳ್ಳಿಕೊಂಡು ನಡೆದು ಮನೆ ಸೇರಿದವರು ಅನೇಕರು.

ಈಗ ಬಿಲ್ಲೆಯಿಲ್ಲ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಬರಿಯ ಪೆಡಲಿನ ಬೈಸಿಕಲ್ಲು ಮೋಟಾರು ವಾಹನವಲ್ಲ; ಅದಕ್ಕೆ ನೋಂದಣಿಯೂ ಬೇಡ, ಸವಾರನಿಗೆ ಲೈಸೆನ್ಸೂ ಬೇಡ. ಆದುದರಿಂದ ರಸ್ತೆಯ ಯಾವ ನಿಯಮವೂ ತನಗೆ ಸಲ್ಲದೆಂದು ಭಾವಿಸುವುದು ಮಾತ್ರ ಅಪಾಯಕಾರಿಯಾದ ಭ್ರಮೆ. ಲೈಸೆನ್ಸಿಲ್ಲದವನಿಗೆ ಪೆಟ್ಟು ಬೀಳುವುದಿಲ್ಲವೆಂದು ಯಾವ ಲಾರಿಯೂ ಮಾತು ಕೊಟ್ಟಿಲ್ಲ.

ಮೂರು ಸೆಕೆಂಡುಗಳ ಲೆಕ್ಕ

ನಿಯಮದ ಪ್ರಯೋಜನವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಕಾರೊಂದು ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಬರುತ್ತಿದೆ. ಸೈಕಲ್ಲಿನ ವೇಗ 15. ಇವೆರಡರ ನಡುವೆ 40 ಮೀಟರುಗಳ ಅಂತರವಿದೆಯೆನ್ನೋಣ. ಸೈಕಲ್ಲು ಎಡಬದಿಯಲ್ಲಿ, ಕಾರು ಹೋಗುವ ದಿಕ್ಕಿನಲ್ಲಿಯೇ ಸಾಗುತ್ತಿದ್ದರೆ, ಕಾರು ಅದನ್ನು ಮುಟ್ಟಲು ಸುಮಾರು ಆರು ಸೆಕೆಂಡುಗಳು ಬೇಕು. ಸೈಕಲ್ಲು ಎದುರು ದಿಕ್ಕಿನಿಂದ ಬರುತ್ತಿದ್ದರೆ ಎರಡರ ವೇಗವೂ ಕೂಡಿಕೊಳ್ಳುತ್ತದೆ. ಮೂರು ಸೆಕೆಂಡುಗಳೂ ಉಳಿಯುವುದಿಲ್ಲ. ಚಾಲಕನು ಕಂಡು, ತಿಳಿದು, ಬ್ರೇಕು ಒತ್ತುವಷ್ಟರಲ್ಲಿಯೇ ಒಂದು ಸೆಕೆಂಡಿಗಿಂತ ಹೆಚ್ಚು ಕಾಲ ಕಳೆದಿರುತ್ತದೆ. ಅರ್ಧ ಫರ್ಲಾಂಗು ಸುತ್ತುವುದನ್ನು ತಪ್ಪಿಸಲು ಎದುರುದಿಕ್ಕಿನಲ್ಲಿ ನುಗ್ಗುವವನು ತನ್ನ ಬದುಕಿನ ಮೂರು ಅಮೂಲ್ಯ ಸೆಕೆಂಡುಗಳನ್ನು ತಾನೇ ಬಿಟ್ಟುಕೊಟ್ಟಂತಾಯಿತು.

ಕಾರಿನವನಿಗೆ ಉಕ್ಕಿನ ಕವಚವಿದೆ. ಸೈಕಲ್ಲಿನವನಿಗಿರುವ ಕವಚ ಒಂದೇ: ತಾನು ಮುಂದೇನು ಮಾಡುವೆನೆಂದು ಇತರರಿಗೆ ಮೊದಲೇ ತಿಳಿಯುವಂತೆ ನಡೆದುಕೊಳ್ಳುವುದು. ನೇರವಾಗಿ ಸಾಗುವುದು, ತಿರುಗುವ ಮುನ್ನ ಹಿಂದೆ ನೋಡಿ ಕೈ ಚಾಚುವುದು, ಕೆಂಪು ದೀಪಕ್ಕೆ ನಿಲ್ಲುವುದು, ಕತ್ತಲಲ್ಲಿ ಮುಂದೆ ಬಿಳಿ ಬೆಳಕು, ಹಿಂದೆ ಕೆಂಪು ಬೆಳಕು ತೋರಿಸುವುದು: ಇವೆಲ್ಲ ಅವನು ಮೋಟಾರಿನವನೊಡನೆ ಆಡುವ ಮಾತುಗಳು. ಆ ಮಾತು ನಿಂತರೆ ಇಬ್ಬರೂ ಊಹೆಯ ಮೇಲೆ ಸಾಗಬೇಕಾಗುತ್ತದೆ. ಊಹೆ ತಪ್ಪಿದಾಗ ನೆಲಕ್ಕೆ ಬೀಳುವವನು ಸೈಕಲ್ಲಿನವನೇ.

ನಿಯಮಗಳೆಲ್ಲ ಮೋಟಾರಿಗಾಗಿ ಹುಟ್ಟಿದವು, ಬೈಸಿಕಲ್ಲಿಗೆ ಹೊಂದುವುದಿಲ್ಲ ಎಂಬ ವಾದವೂ ಉಂಟು. ಅದರಲ್ಲಿ ಹುರುಳಿದೆ. ಅಮೆರಿಕದ ಐಡಹೊ ಸಂಸ್ಥಾನವು 1982ರಲ್ಲಿ ಕಾಯಿದೆಯನ್ನೇ ತಿದ್ದಿ, ‘ನಿಲ್ಲು’ ಎಂಬ ಫಲಕವಿರುವಲ್ಲಿ ಸವಾರನು ವೇಗ ತಗ್ಗಿಸಿ, ಇತರರಿಗೆ ದಾರಿ ಬಿಟ್ಟು, ನಿಲ್ಲದೆಯೇ ಮುಂದುವರಿಯಬಹುದೆಂದು ವಿಧಿಸಿತು. ಗಮನಿಸಬೇಕಾದ ಅಂಶವೆಂದರೆ, ಅಲ್ಲಿ ಬದಲಾದುದು ಎಲ್ಲರಿಗೂ ತಿಳಿದ ನಿಯಮ. ಒಬ್ಬೊಬ್ಬ ಸವಾರನೂ ತನ್ನ ಅನುಕೂಲಕ್ಕೆ ತಕ್ಕ ಕಾನೂನನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವುದು ಬೇರೆಯೇ ಮಾತು.

ಬಲವಿದ್ದವನ ಹೊಣೆ

ಹಾಗೆಂದು ಹೊಣೆಯೆಲ್ಲ ಸೈಕಲ್ಲಿನವನ ಹೆಗಲಿಗೇ ಏರುವುದು ನ್ಯಾಯವಲ್ಲ. ವೇಗ ಇಮ್ಮಡಿಯಾದರೆ ಪೆಟ್ಟಿನ ಶಕ್ತಿ ನಾಲ್ಮಡಿಯಾಗುವುದು ಭೌತವಿಜ್ಞಾನದ ನಿಯಮ. ಹೆಚ್ಚು ಹಾನಿ ಮಾಡಬಲ್ಲವನು ಹೆಚ್ಚು ಎಚ್ಚರವಹಿಸಬೇಕೆಂಬ ತತ್ತ್ವವನ್ನು ಬ್ರಿಟನ್ನಿನ ಹೆದ್ದಾರಿ ಸಂಹಿತೆಯು 2022ರಲ್ಲಿ ಸ್ಪಷ್ಟವಾಗಿ ಸೇರಿಸಿಕೊಂಡಿತು. ಸೈಕಲ್ಲನ್ನು ದಾಟುವ ವಾಹನ ಕನಿಷ್ಠ ಒಂದೂವರೆ ಮೀಟರು ದೂರವಿರಬೇಕೆಂದು ಸೂಚಿಸಿತು. ಭಾರತದಲ್ಲಿ 2017ರ ಚಾಲನಾ ನಿಯಮಾವಳಿಯೂ ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರು ಮೊದಲಾದವರ ಬಗೆಗೆ ಚಾಲಕನು ವಿಶೇಷ ಎಚ್ಚರ ವಹಿಸಬೇಕೆನ್ನುತ್ತದೆ.

ಮೋಟಾರಿನವರು ನೆನಪಿಡಬೇಕಾದ ಎರಡು ಸಂದರ್ಭಗಳಿವೆ. ಮೊದಲನೆಯದು ಎಡ ತಿರುವು. ಬಸ್ಸು ಅಥವಾ ಲಾರಿ ಎಡಕ್ಕೆ ಹೊರಳುವಾಗ ಅದರ ಎಡಪಕ್ಕದಲ್ಲಿರುವ ಸೈಕಲ್ಲು ಚಾಲಕನ ಕನ್ನಡಿಗೂ ಬೀಳದಿರಬಹುದು. ಸವಾರನು ಆ ಸಂದಿಗೆ ನುಗ್ಗಬಾರದು. ಚಾಲಕನು ಸಂದಿ ಬರಿದಾಗಿದೆಯೆಂದು ಖಚಿತಪಡಿಸಿಕೊಳ್ಳದೆ ಹೊರಳಬಾರದು. ಎರಡನೆಯದು ನಿಂತ ಕಾರಿನ ಬಾಗಿಲು. ಬಲಗಡೆ ಕುಳಿತ ಚಾಲಕನು ಎಡಗೈಯಿಂದ ಬಾಗಿಲು ತೆರೆಯುವ ಅಭ್ಯಾಸ ಮಾಡಿಕೊಂಡರೆ ದೇಹ ತಾನಾಗಿ ತಿರುಗುತ್ತದೆ. ಹಿಂದಿನಿಂದ ಬರುವ ಸವಾರನು ಕಣ್ಣಿಗೆ ಬೀಳುತ್ತಾನೆ. ಕಾಸಿನ ಖರ್ಚಿಲ್ಲದ ಈ ಉಪಾಯದಿಂದ ಒಂದು ಜೀವ ಉಳಿಯಬಹುದು.

ಎರಡು ನಾಡುಗಳ ಪಾಠ

ನೆದರ್ಲೆಂಡ್ಸ್ ದೇಶವು ಇದನ್ನು ಕಣ್ಣೀರಿನಿಂದ ಕಲಿಯಿತು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಮಡಿದರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆಯನ್ನು ನಿಲ್ಲಿಸಿ’ ಎಂದು ತಂದೆತಾಯಂದಿರು ಬೀದಿಗಿಳಿದರು. ಮುಂದಿನ ವರ್ಷಗಳಲ್ಲಿ ಸೈಕಲ್ಲಿಗೆ ಪ್ರತ್ಯೇಕ ಪಥಗಳು, ಪ್ರತ್ಯೇಕ ಸಂಚಾರ ದೀಪಗಳು ವ್ಯಾಪಕವಾದವು. ಆದರೆ ಅಲ್ಲಿ ಸವಾರನಿಗೆ ಸ್ವೇಚ್ಛೆಯೇನೂ ದೊರೆಯಲಿಲ್ಲ: ದೀಪವಿಲ್ಲದಿದ್ದರೆ ದಂಡ, 2019ರಿಂದೀಚೆಗೆ ಕೈಯಲ್ಲಿ ಫೋನು ಹಿಡಿದು ಸವಾರಿ ಮಾಡಿದರೂ ದಂಡ. ಗೌರವ ದೊರೆತಲ್ಲಿ ಹೊಣೆಯೂ ಇದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಕಲ್ಕತ್ತೆಯದು. ಮೋಟಾರು ಸಂಚಾರಕ್ಕೆ ಅಡಚಣೆಯೆಂಬ ಕಾರಣದಿಂದ 2013ರಲ್ಲಿ ಅಲ್ಲಿಯ ಪೋಲೀಸರು 174 ರಸ್ತೆಗಳಲ್ಲಿ ಬೈಸಿಕಲ್ಲನ್ನು ನಿಷೇಧಿಸಿದರು. ಹಾಲು ಹಾಕುವವರು, ಪತ್ರಿಕೆ ಹಂಚುವವರು, ಬಸ್ಸಿನ ದರ ಉಳಿಸಿ ಸಂಸಾರ ತೂಗಿಸುವವರು ದಿಕ್ಕೆಟ್ಟರು. ಪ್ರತಿಭಟನೆಯ ಬಳಿಕ ರಸ್ತೆಗಳ ಸಂಖ್ಯೆಯನ್ನು ಇಳಿಸಲಾಯಿತು. ನಿಷೇಧವು ನಿಯಮ ಮುರಿದವನನ್ನೂ ಪಾಲಿಸಿದವನನ್ನೂ ಬೇರ್ಪಡಿಸಿ ನೋಡಲಿಲ್ಲ.

ಕರ್ನಾಟಕದಲ್ಲಿ ಗಾಳಿ ಬೇರೆ ದಿಕ್ಕಿನಲ್ಲಿ ಬೀಸಿದ್ದುಂಟು. 2017ರಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ಲುಗಳ ಯೋಜನೆ ಆರಂಭವಾಯಿತು. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸೈಕಲ್ ಪಥವನ್ನು ಗುರುತಿಸಲಾಯಿತು. ಆದರೆ ಬಣ್ಣದ ಗೆರೆ ಎಳೆದ ಮಾತ್ರಕ್ಕೆ ಪಥವಾಗದು. ಮೋಟಾರು ಸೈಕಲ್ಲುಗಳು ಅದರೊಳಗೆ ನುಗ್ಗಬಾರದು, ಕಾರುಗಳು ಅದರ ಮೇಲೆ ನಿಲ್ಲಬಾರದು. ಸವಾರರೂ ಅದರಲ್ಲಿ ಎದುರುಬದುರಾಗಿ ಓಡಾಡಬಾರದು.

ಮಗುವಿಗೆ ಮೊದಲ ಸೈಕಲ್ಲು ಕೊಡಿಸಿದ ದಿನ ತಂದೆ ಸೀಟಿನ ಹಿಂಭಾಗವನ್ನು ಹಿಡಿದು ಏದುಸಿರು ಬಿಡುತ್ತ ಓಡುತ್ತಾನೆ. ಬೀಳದಿರುವುದನ್ನು ಕಲಿಸಿದರೆ ಪಾಠ ಮುಗಿಯಿತೆಂದು ಅನೇಕರು ತಿಳಿಯುತ್ತಾರೆ. ನಿಲ್ಲುವುದನ್ನು, ಹಿಂದೆ ನೋಡುವುದನ್ನು, ಕೈ ಚಾಚುವುದನ್ನು ಕಲಿಸುವುದು ಇನ್ನೂ ಉಳಿದಿರುತ್ತದೆ. ಕೆಲವು ವರ್ಷಗಳಲ್ಲಿ ಆ ಮಗಳು ಒಬ್ಬಳೇ ಸೈಕಲ್ಲೇರಿ ಶಾಲೆಗೆ ಹೊರಡುತ್ತಾಳೆ. ತಂದೆ ಅದೇ ಹೊತ್ತಿಗೆ ಕಾರಿನಲ್ಲಿ ಕಚೇರಿಗೆ ಹೊರಡುತ್ತಾನೆ. ಅವನು ದಾರಿಯಲ್ಲಿ ಹಿಂದೆ ಹಾಕುವ ಪ್ರತಿಯೊಂದು ಸೈಕಲ್ಲಿನ ಮೇಲೂ ಯಾವುದೋ ಮನೆಯ ಮಗುವಿದೆ. ಅವನ ಮಗಳನ್ನು ಹಿಂದೆ ಹಾಕುವ ಪ್ರತಿಯೊಂದು ಕಾರಿನಲ್ಲಿಯೂ ಯಾವುದೋ ಮನೆಯ ತಂದೆಯಿದ್ದಾನೆ.