ಹಿಡಿಂಬನ ಹಲ್ಲು, ಗಂಡಭೇರುಂಡದ ರೆಕ್ಕೆ

ಬಾಗೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆಯಿಂದ ಚಿತ್ರದುರ್ಗಕ್ಕೆ ಬಂದು, ಏಳು ಸುತ್ತಿನ ಕೋಟೆಯ ಬಾಗಿಲುಗಳನ್ನು ದಾಟಿ, ಬೆಟ್ಟದ ಮೇಲಿನ ಹಿಡಿಂಬೇಶ್ವರನ ಗುಡಿಯನ್ನು ಸೇರಿದವರಿಗೆ ಅಲ್ಲಿ ಎರಡು ವಸ್ತುಗಳ ವಿಚಾರ ಕೇಳಿಬರುತ್ತದೆ. ಒಂದು, ಹಿಡಿಂಬಾಸುರನದೆಂದು ಹೇಳಲಾಗುವ ಹಲ್ಲು. ಇನ್ನೊಂದು, ಕಬ್ಬಿಣದ ತಗಡುಗಳನ್ನು ಜೋಡಿಸಿ ಮಾಡಿದ, ಸುಮಾರು 6 ಅಡಿ ಎತ್ತರವೂ 10 ಅಡಿ ಸುತ್ತಳತೆಯೂ ಉಳ್ಳ, ಭೀಮಸೇನನ ಭೇರಿಯೆಂದು ಹೆಸರಾದ ದೊಡ್ಡ ಉರುಳೆ. ಮಹಾಭಾರತದ ಆದಿಪರ್ವದಲ್ಲಿ ಭೀಮನ ಕೈಯಿಂದ ಹತನಾದ ರಾಕ್ಷಸನು ಈ ಬೆಟ್ಟದಲ್ಲಿಯೇ ವಾಸವಾಗಿದ್ದನೆಂಬುದು ಸ್ಥಳದ ಐತಿಹ್ಯ. ಕೊಂದವನ ವಾದ್ಯವೂ ಸತ್ತವನ ದಂತವೂ ಒಂದೇ ಗುಡಿಯ ಆಶ್ರಯವನ್ನು ಪಡೆದಿವೆ; ಗುಡಿಯ ಈಶ್ವರನಾದರೋ ಗೆದ್ದವನ ಹೆಸರನ್ನು ಬಿಟ್ಟು ಸತ್ತವನ ಹೆಸರನ್ನೇ ಧರಿಸಿದ್ದಾನೆ.

ಆ ಹಲ್ಲನ್ನು ಪ್ರಾಣಿಶಾಸ್ತ್ರಜ್ಞನೊಬ್ಬನ ಕೈಗೆ ಕೊಟ್ಟರೆ ಅವನು ಯಾವುದಾದರೊಂದು ಪ್ರಾಣಿಯ ಹೆಸರನ್ನು ಹೇಳಿಯಾನೇ ಹೊರತು ರಾಕ್ಷಸನ ಹೆಸರನ್ನು ಹೇಳಲಾರನು. ಆದರೆ ಅಷ್ಟರಿಂದಲೇ ಹಿಡಿಂಬನು ಇಲ್ಲವಾದನೆ? ಅವನ ಹೆಸರಿನಲ್ಲಿ ಗುಡಿಯೊಂದು ನಿಂತಿರುವಾಗ, ಪೂಜೆ ನಡೆಯುತ್ತಿರುವಾಗ, ತಲೆಮಾರಿನಿಂದ ತಲೆಮಾರಿಗೆ ಕಥೆ ಸಾಗಿಬರುತ್ತಿರುವಾಗ, ಇಷ್ಟನ್ನೆಲ್ಲ ಮಾಡಿಸಿದವನು ಶುದ್ಧ ಶೂನ್ಯನೆಂದು ಹೇಳುವುದಕ್ಕೂ ಮನಸ್ಸು ಹಿಂಜರಿಯುತ್ತದೆ. ಕಲ್ಪಿತ ಜೀವಿಯೊಂದು ನಂಬಿಕೆಯ ಬಲದಿಂದ ನಿಜವಾಗಬಲ್ಲುದೆ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ನಮ್ಮ ದಾರ್ಶನಿಕರಿಗೆ ಈ ಪ್ರಶ್ನೆ ಹೊಸದಲ್ಲ. ಮೊಲದ ಕೊಂಬು, ಬಂಜೆಯ ಮಗ, ಆಕಾಶದ ಹೂವು ಎಂಬ ದೃಷ್ಟಾಂತಗಳು ಅವರ ವಾದಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವುದು, ಹೆಸರಿದ್ದ ಮಾತ್ರಕ್ಕೆ ವಸ್ತುವೂ ಇರಬೇಕಾಗಿಲ್ಲವೆಂದು ತೋರಿಸುವುದಕ್ಕಾಗಿ. ಅದ್ವೈತಿಗಳು ಇಂಥವನ್ನು ತುಚ್ಛವೆಂದು ಹೊರಗಿಟ್ಟು, ಪಾರಮಾರ್ಥಿಕ, ವ್ಯಾವಹಾರಿಕ, ಪ್ರಾತಿಭಾಸಿಕ ಎಂದು ಸತ್ತೆಯಲ್ಲಿ ಮೂರು ಮೆಟ್ಟಿಲುಗಳನ್ನು ಎಣಿಸಿದರು. ಮಬ್ಬುಗತ್ತಲಲ್ಲಿ ಹಗ್ಗವನ್ನು ಕಂಡು ಹಾವೆಂದು ಬೆಚ್ಚಿದವನ ಹಾವು ಪ್ರಾತಿಭಾಸಿಕವಾದುದು; ದೀಪ ಬಂದೊಡನೆ ಅದು ಮಾಯವಾಗುತ್ತದೆ, ಆದರೆ ದೀಪ ಬರುವ ಮುನ್ನ ಅವನ ಹಣೆಯ ಮೇಲೆ ಒಡೆದ ಬೆವರು ಸುಳ್ಳಲ್ಲ. ಹಿಡಿಂಬನನ್ನು ಯಾವ ಮೆಟ್ಟಿಲಿನ ಮೇಲೆ ನಿಲ್ಲಿಸೋಣ? ಮೊಲದ ಕೊಂಬಿಗೆ ಯಾರೂ ಗುಡಿ ಕಟ್ಟಿಸಿದವರಿಲ್ಲವಾದುದರಿಂದ ಅವನು ತುಚ್ಛನಲ್ಲ. ಹಗ್ಗದ ಹಾವು ಒಬ್ಬನ ಭ್ರಮೆ, ಒಂದು ಗಳಿಗೆಯದು. ಹಿಡಿಂಬನಾದರೋ ಊರಿಗೆ ಊರೇ ಕೂಡಿ ಸಾಕಿಕೊಂಡುಬಂದವನು, ಎಷ್ಟು ದೀಪಗಳನ್ನು ಹಿಡಿದರೂ ಕದಲುವವನಲ್ಲ.

ಏಳನೆಯ ಶತಮಾನದ ಬೌದ್ಧ ತಾರ್ಕಿಕನಾದ ಧರ್ಮಕೀರ್ತಿಯ ಒರೆಗಲ್ಲು ಇದಕ್ಕಿಂತ ನೇರವಾದುದು. ಯಾವುದು ಕಾರ್ಯವನ್ನು ಸಾಧಿಸಬಲ್ಲುದೋ ಅದೇ ಸತ್ತು. ಈ ಸಾಮರ್ಥ್ಯಕ್ಕೆ ಅರ್ಥಕ್ರಿಯೆಯೆಂದು ಹೆಸರು. ನೆನೆದ ಬೆಂಕಿಯಿಂದ ಅನ್ನ ಬೇಯುವುದಿಲ್ಲ, ಉರಿಯುವ ಬೆಂಕಿಯಿಂದ ಬೇಯುತ್ತದೆ ಎಂಬಲ್ಲಿಗೆ ವ್ಯಾಜ್ಯ ತೀರಿದಂತೆ ಕಾಣುತ್ತದೆ. ಆದರೆ ನೆನೆದ ಹಕ್ಕಿಯೊಂದು ಸಾವಿರ ವರ್ಷಗಳಿಂದ ರಾಜಕಾರ್ಯದಲ್ಲಿ ಪಾಲುಗೊಂಡಿರುವ ನಾಡು ನಮ್ಮದು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ, ಬನವಾಸಿಯನ್ನಾಳುತ್ತಿದ್ದ ಚಾಳುಕ್ಯ ಸಾಮಂತ ಚಾಮುಂಡರಾಯರಸನು 1047ರಲ್ಲಿ ನಿಲ್ಲಿಸಿದ ಎತ್ತರವಾದ ಕಂಬದ ಮೇಲೆ, ಮನುಷ್ಯನ ಮೈಗೆ ಹಕ್ಕಿಯ ಎರಡು ತಲೆಗಳನ್ನು ಕೂಡಿಸಿದ ಗಂಡಭೇರುಂಡವಿದೆ. ಬೇಲೂರಿನ ಶಿಲ್ಪಿಯು ಇನ್ನೂ ಮುಂದೆ ಹೋದನು. ಜಿಂಕೆಯನ್ನು ಹೆಬ್ಬಾವು ನುಂಗುತ್ತಿದೆ. ಹೆಬ್ಬಾವನ್ನು ಆನೆಯೂ, ಆನೆಯನ್ನು ಸಿಂಹವೂ, ಸಿಂಹವನ್ನು ಶರಭವೂ, ಶರಭವನ್ನು ಗಂಡಭೇರುಂಡವೂ ಹಿಡಿದಿವೆ. ಈ ಸರಪಳಿಯಲ್ಲಿ ಕಾಡಿನ ಪ್ರಾಣಿಗಳು ಮುಗಿದು ಕಲ್ಪನೆಯ ಪ್ರಾಣಿಗಳು ಮೊದಲಾಗುವಲ್ಲಿ ಅವನು ಒಂದು ಗೆರೆಯನ್ನೂ ಎಳೆದಿಲ್ಲ; ಸಿಂಹಕ್ಕೆ ತೋರಿದ ಶ್ರದ್ಧೆಯನ್ನೇ ಶರಭಕ್ಕೂ ತೋರಿದ್ದಾನೆ. ವಿಜಯನಗರದ ನಾಣ್ಯಗಳ ಮೇಲೂ ಮೈಸೂರು ಅರಸರ ಲಾಂಛನದಲ್ಲೂ ಬಾಳಿದ ಈ ಹಕ್ಕಿ ಇಂದು ಕರ್ನಾಟಕ ಸರ್ಕಾರದ ಮುದ್ರೆಯಲ್ಲಿದೆ. ಅದರ ಎರಡು ಪಕ್ಕಗಳಲ್ಲಿ, ಆನೆಯ ಮುಖವೂ ಸಿಂಹದ ಮೈಯೂ ಉಳ್ಳ ಶರಭಗಳು ಕಾವಲು ನಿಂತಿವೆ. ಕೆಳಗೆ, ಸತ್ಯವೇ ಗೆಲ್ಲುವುದೆಂಬ ಉಪನಿಷದ್ವಾಕ್ಯ! ಹಾಗಿದ್ದರೂ ಆ ಮುದ್ರೆಯುಳ್ಳ ಕಾಗದವನ್ನು ಸುಳ್ಳೆಂದು ತಳ್ಳಿಹಾಕುವವನಿಲ್ಲ. ಗಂಡಭೇರುಂಡವು ಯಾವುದೋ ಅಡವಿಯಲ್ಲಿ ಹಾರುತ್ತಿದೆಯೆಂದು ಯಾರೂ ನಂಬಬೇಕಾಗಿಲ್ಲ. ಅದರ ಹೆಸರಿನಲ್ಲಿ ನಡೆದ ವ್ಯವಹಾರವನ್ನು ಎಲ್ಲರೂ ಒಪ್ಪಿದರೆ ಸಾಕು. ಇದು ಸಮ್ಮತಿಯಿಂದ ಬಂದ ಸತ್ಯತೆ, ವ್ಯಾವಹಾರಿಕ ಸತ್ತೆಯ ಒಂದು ಚೊಕ್ಕ ಮಾದರಿ.

ಭಯದಿಂದ ಹುಟ್ಟುವ ಜೀವಿಗಳ ಬಗೆ ಬೇರೆ. 1990ರ ದಶಕದಲ್ಲಿ ಬೆಂಗಳೂರಿನ ಮನೆಗಳ ಕದಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ರಾತ್ರಿಯ ಹೊತ್ತು ಪರಿಚಿತರ ದನಿಯಲ್ಲಿ ಕೂಗಿ, ಬಾಗಿಲು ತೆರೆದವರ ಪ್ರಾಣವನ್ನೊಯ್ಯುವ ದೆವ್ವವೊಂದು ಆ ಬರಹವನ್ನು ಓದಿ ಹಿಂದಿರುಗುವುದೆಂಬುದು ಪ್ರತೀತಿ. ದೆವ್ವಕ್ಕೆ ಕನ್ನಡದ ಓದು ಬರುತ್ತದೆ, ಕೊಟ್ಟ ವಾಯಿದೆಗೆ ಅದು ತಲೆಬಾಗುತ್ತದೆ, ಆದರೆ ನಿನ್ನೆಯ ನಾಳೆಯೇ ಇಂದು ಎಂಬ ಲೆಕ್ಕ ಮಾತ್ರ ಅದಕ್ಕೆ ತಿಳಿಯದು! ನಗೆ ಬರಿಸುವ ಈ ಕಥೆಯಲ್ಲಿ ನಿಜವಾಗಿ ನಡೆದುದಿಷ್ಟು: ಜನರು ಸೀಮೆಸುಣ್ಣವನ್ನು ಕೈಗೆತ್ತಿಕೊಂಡು ಬರೆದರು, ಕತ್ತಲಾದ ಮೇಲೆ ಕರೆದವರಿಗೆ ಬಾಗಿಲು ತೆರೆಯಲು ಅಂಜಿದರು. ಕಾರ್ಯವಾದುದು ನಿಜ, ಮಾಡಿದುದು ದೆವ್ವವಲ್ಲ, ದೆವ್ವವಿದೆಯೆಂಬ ನಂಬಿಕೆ.

ಧರ್ಮಕೀರ್ತಿಯ ಒರೆಗಲ್ಲನ್ನು ಇಲ್ಲಿ ಸರಿಯಾಗಿ ಹಚ್ಚಿದರೆ ಉತ್ತರ ತಾನಾಗಿ ದೊರೆಯುತ್ತದೆ. ನಂಬಿಕೆಯು ಕಲ್ಪಿತ ಜೀವಿಗೆ ಹೆಸರನ್ನು ಕೊಡಬಲ್ಲುದು, ನೆಲೆಯನ್ನು ಕೊಡಬಲ್ಲುದು, ಕೊನೆಗೆ ಒಂದು ಹಲ್ಲನ್ನೂ ಹುಡುಕಿಕೊಡಬಲ್ಲುದು. ಆದರೆ ಆ ಹಲ್ಲಿನಿಂದ ಕಚ್ಚುವ ಶಕ್ತಿಯನ್ನು ಕೊಡಲಾರದು. ಕಚ್ಚುವುದಾದರೆ ಕಚ್ಚುವವರು ಮನುಷ್ಯರೇ. ಹೆಂಗಸೊಬ್ಬಳಿಗೆ ಗಾಳಿ ಸೋಕಿದೆಯೆಂದು ಕಟ್ಟಿಹಾಕಿ ಹೊಡೆಯುವಾಗ, ಹಾವು ಕಚ್ಚಿದವನನ್ನು ಆಸ್ಪತ್ರೆಗೆ ಕಳುಹಿಸದೆ ಮಂತ್ರಕ್ಕೆ ಕೂರಿಸುವಾಗ, ದೆವ್ವದ ಸತ್ಯಾಸತ್ಯತೆಯ ಚರ್ಚೆ ಪಂಡಿತರ ವಿನೋದವಾಗಿ ಉಳಿಯುವುದಿಲ್ಲ. ಅಮಾನವೀಯ ದುಷ್ಟಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು ಕರ್ನಾಟಕವು 2017ರಲ್ಲಿ ಮಾಡಿದ ಕಾನೂನು ಇಂಥ ಕೃತ್ಯಗಳನ್ನೇ ಅಪರಾಧಗಳೆಂದು ಹೆಸರಿಸಿದೆ. ಅದರ ಕೈ ಚಾಚುವುದು ದೆವ್ವದ ಕಡೆಗಲ್ಲ, ಕೋಲು ಹಿಡಿದವನ ಕಡೆಗೆ.

ಆದುದರಿಂದ, ಬೆಟ್ಟದ ಮೇಲಿನ ಹಿಡಿಂಬನನ್ನು ಅಲ್ಲಗಳೆಯುವ ಅವಸರವೇನೂ ನಮಗಿಲ್ಲ. ಊರಿಗೆ ಕಥೆಯನ್ನೂ ಶಿಲ್ಪಿಗೆ ವಸ್ತುವನ್ನೂ ನಾಡಿಗೆ ಲಾಂಛನವನ್ನೂ ಒದಗಿಸಿದ ಜೀವಿಗಳು ತಮ್ಮ ಮೆಟ್ಟಿಲಿನ ಮೇಲೆ ನೆಮ್ಮದಿಯಾಗಿರಲಿ. ಅವುಗಳ ಹೆಸರಿನಲ್ಲಿ ಮಾಡಿದ ಒಳಿತಿಗೂ ಕೆಡುಕಿಗೂ ಜವಾಬು ಹೇಳಬೇಕಾದವರು, ಅವುಗಳನ್ನು ನಂಬಿದವರು ಮಾತ್ರ.