ಹೊಸತೊಡಕಿನ ಗುಡ್ಡೆ ಬಾಡು: ನನ್ನ ಪಾಲಿನ ಲೆಕ್ಕ

ಇವತ್ತು ಚನ್ನಪಟ್ಟಣ ತಾಲ್ಲೂಕಿನ ನಮ್ಮೂರು ಅಕ್ಕೂರಿಂದ ಮಾತಾಡ್ತಿದ್ದೀನಿ. ಯುಗಾದಿ ದಿನ ನಮ್ಮ ಕಡೆ ಬೇವು-ಬೆಲ್ಲ, ಒಬ್ಬಟ್ಟು, ಒಬ್ಬಟ್ಟಿನ ಸಾರು. ಮಾರನೇ ದಿನ ಹೊಸತೊಡಕು. ಅವತ್ತು ಮುದ್ದೆ, ಬಾಡಿನ ಸಾರು. ಆ ದಿನ ಏನು ಮಾಡ್ತೀವೋ ವರ್ಷವಿಡೀ ಅದೇ ನಡೆಯುತ್ತೆ ಅನ್ನೋದು ನಂಬಿಕೆ.

ಈ ಬಾಡು ಅಂಗಡಿಯದ್ದಲ್ಲ, ಗುಡ್ಡೆ ಬಾಡು. ಹತ್ತಾರು ಮನೆಯವರು ದುಡ್ಡು ಹಾಕಿ ಮರಿ ಕೊಳ್ತಾರೆ. ಕೆಲವು ಕಡೆ ಇದಕ್ಕೇ ತಿಂಗಳು ತಿಂಗಳು ಚೀಟಿ ಕಟ್ತಾರೆ. ನಸುಕಿನಲ್ಲೇ ಕೊಯ್ದು, ಎಷ್ಟು ಪಾಲೋ ಅಷ್ಟು ಗುಡ್ಡೆ ಹಾಕ್ತಾರೆ. ಲಿವರ್, ಬೋಟಿ, ಮೂಳೆ ಎಲ್ಲಾ ಗುಡ್ಡೆಗೂ ಬೀಳಬೇಕು. ಸಾಹುಕಾರರಿಗೂ ಕೂಲಿಯವರಿಗೂ ಒಂದೇ ಅಳತೆ.

ಹೋದ ವರ್ಷ ನಾನೂ ಕೆಲವು ಗೆಳೆಯರೂ ಬೆಂಗಳೂರಲ್ಲೇ ಉಳಿದು, ಆ್ಯಪ್‌ನಲ್ಲಿ ಮಟನ್ ತರಿಸಿಕೊಂಡ್ವಿ. ಅಪ್ಪ ಫೋನಲ್ಲಿ ಅಂದ್ರು: "ನೀವು ಹುಡುಗ್ರು ಬಿಟ್ಟ ಪಾಲು ಉಳಿದವ್ರ ಮೇಲೆ ಬಿತ್ತು ಕಣೋ."

ಆಗ ಲೆಕ್ಕ ಅರ್ಥವಾಯ್ತು. ಒಂದು ಮರಿಯ ಬೆಲೆ 20 ಪಾಲಾದರೆ ಹಗುರ, 10 ಪಾಲಾದರೆ ಎರಡರಷ್ಟು ಭಾರ. ಆಗ ಮೊದಲು ಹಿಂದೆ ಸರಿಯೋದು ಬಡವರ ಮನೆ.

ಈ ಸಲ ನನ್ನ ಪಾಲು ಕಟ್ಟಿದ್ದೀನಿ. ನಿಮ್ಮೂರಲ್ಲೂ ಗುಡ್ಡೆ ಹಾಕ್ತಾರಾ? ಹಾಗಾದ್ರೆ ಹಬ್ಬಕ್ಕೆ ಮುಂಚೆ ಒಂದು ಫೋನ್ ಮಾಡಿ, ಹೆಸರು ಬರೆಸಿಬಿಡಿ.