ಗಾಳ ಎಸೆಯುವ ಮೊದಲೇ ಮೀನು ಕಂಡರೆ

ಅಮೆರಿಕದ ಟೆಕ್ಸಸ್, ಟೆನೆಸ್ಸೀ ಕಡೆಯ ಜಲಾಶಯಗಳಲ್ಲಿ ಬಾಸ್ ಮೀನಿಗೆ ಗಾಳ ಹಾಕುವವರು ಈಗ ನೀರಿಗಿಂತ ಹೆಚ್ಚಾಗಿ ಪರದೆಯನ್ನೇ ನೋಡುತ್ತಾರೆ. ದೋಣಿಯ ಮೂತಿಗೆ ಸಿಕ್ಕಿಸಿದ ವಿದ್ಯುತ್ ಮೋಟಾರಿನ ದಂಡದಲ್ಲಿ ಪುಟ್ಟದೊಂದು ಸೋನಾರ್, ಅಂದರೆ ಶಬ್ದದ ಮಾರ್ದನಿಯಿಂದ ನೀರೊಳಗನ್ನು ತೋರಿಸುವ ಸಾಧನ, ಇರುತ್ತದೆ. ಇಪ್ಪತ್ತು ಮೀಟರ್ ಮುಂದೆ, ನಡುನೀರಿನಲ್ಲಿ, ಒಂದು ಮೀನು ಸುಮ್ಮನೆ ನಿಂತಿದೆ. ಎಸೆದ ರಬ್ಬರಿನ ಹುಸಿಮೀನು ಚುಕ್ಕೆಯಾಗಿ ಅದರ ಮುಂದೆ ಇಳಿಯುತ್ತದೆ. ಮೀನು ತಿರುಗುತ್ತದೆ, ಬೆನ್ನಟ್ಟುತ್ತದೆ, ಹತ್ತಿರ ಬಂದು ಯಾಕೋ ಬೇಡವೆಂದು ಹೊರಳುತ್ತದೆ. ಇಷ್ಟೂ ನಡೆಯುತ್ತಿರುವಾಗಲೇ ಕಾಣುತ್ತದೆ.

ಶಬ್ದದಿಂದ ಮೀನು ಹುಡುಕುವುದು ಹೊಸತಲ್ಲ. ಜಪಾನಿನ ಫುರುನೊ ಸಹೋದರರು 1948ರಲ್ಲೇ ಮೀನುಗಾರರಿಗೆ ಬಳಸಲು ಬರುವಂಥ ಯಂತ್ರ ತಂದಿದ್ದರು. ನಮ್ಮ ಮಲ್ಪೆಯ ಬೋಟುಗಳಲ್ಲೂ ಫಿಶ್ ಫೈಂಡರ್ ಉಂಟು. ಆದರೆ ಹಳೆಯ ಮಾದರಿ ದೋಣಿಯ ಅಡಿಗಷ್ಟೇ ಶಬ್ದ ಬಿಡುತ್ತಿತ್ತು. ಮೀನು ಪರದೆಗೆ ಬರುವಷ್ಟರಲ್ಲಿ ದೋಣಿ ಅದರ ನೆತ್ತಿಯ ಮೇಲೇ ಇರುತ್ತಿತ್ತು. 2018ರಲ್ಲಿ ಗಾರ್ಮಿನ್ ಕಂಪನಿಯ ಲೈವ್‌ಸ್ಕೋಪ್ ಬಂದ ಮೇಲೆ, ಎಸೆತಕ್ಕೆ ಮುಂಚೆಯೇ ಮುಂದಿನ ನೀರನ್ನು ಸ್ಪಷ್ಟವಾಗಿ ನೋಡುವುದು ಸಾಮಾನ್ಯವಾಯಿತು.

ಗರ್ಭಿಣಿಯರ ಸ್ಕ್ಯಾನಿಂಗ್‌ನಲ್ಲಿ ನಡೆಯುವುದೇ ಇಲ್ಲೂ ನಡೆಯುತ್ತದೆ. ಸಾಲಾಗಿ ಜೋಡಿಸಿದ ಹರಳುಗಳು ಸೆಕೆಂಡಿನ ಅತಿ ಸಣ್ಣ ಅಂತರಗಳಲ್ಲಿ ಕಂಪಿಸುತ್ತವೆ. ಆ ಅಂತರ ಬದಲಾಯಿಸಿದರೆ ಸಾಕು, ಯಾವ ಭಾಗವೂ ಅಲುಗಾಡದೆ ಶಬ್ದದ ದಿಕ್ಕು ಬದಲಾಗುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,480 ಮೀಟರ್. 30 ಮೀಟರ್ ಹೋಗಿ ಮರಳಲು ಅದಕ್ಕೆ 0.04 ಸೆಕೆಂಡು ಸಾಕು. ಆವೃತ್ತಿ 10 ಲಕ್ಷ ಹರ್ಟ್ಸ್ ಆಸುಪಾಸು ಇರುವುದರಿಂದ ಅಲೆಯ ಉದ್ದ ಒಂದೂವರೆ ಮಿಲಿಮೀಟರ್ ಮಾತ್ರ. ಹಾಗಾಗಿಯೇ ಚಿಕ್ಕ ಹುಸಿಮೀನೂ ಕಾಣುತ್ತದೆ. ಬಾಸ್ ಮೀನಿಗೆ ಈ ಶಬ್ದ ಕೇಳಿಸುವುದೇ ಇಲ್ಲ. ಕಿವಿ ಬಹಳ ಚುರುಕಾಗಿರುವ ಅಮೆರಿಕನ್ ಶ್ಯಾಡ್ ಮೀನಿಗೂ ಕೇಳಿಸುವುದು 1.8 ಲಕ್ಷ ಹರ್ಟ್ಸ್‌ವರೆಗೆ.

ಪರದೆಯನ್ನು ಪೂರ್ತಿ ನಂಬುವ ಹಾಗಿಲ್ಲ. ಲೈವ್‌ಸ್ಕೋಪಿನ ಕಿರಣ ಮೇಲಿನಿಂದ ಕೆಳಕ್ಕೆ 135 ಡಿಗ್ರಿ ಹರಡಿದರೂ ಅಡ್ಡಕ್ಕೆ ಇರುವುದು 20 ಡಿಗ್ರಿ. ಇಪ್ಪತ್ತು ಮೀಟರ್ ದೂರದಲ್ಲಿ ಅದರ ಅಗಲ ಸುಮಾರು ಏಳು ಮೀಟರ್ ಆಗುತ್ತದೆ. ಅಷ್ಟು ಅಗಲದ ನೀರೆಲ್ಲ ಒಂದೇ ಹಾಳೆಯಾಗಿ ಪರದೆಗೆ ಬರುತ್ತದೆ. ಮೀನಿನ ಮೂಗಿಗೆ ತಾಗಿದಂತೆ ಕಂಡ ಗಾಳ ನಿಜದಲ್ಲಿ ಮೂರು ಮೀಟರ್ ಪಕ್ಕದಲ್ಲಿ ಇರಬಹುದು. ಅನುಭವಿಗಳು ದಂಡವನ್ನು ತುಸು ಆಚೀಚೆ ತಿರುಗಿಸಿ, ಮೀನು ಅತಿ ಹೊಳೆಯುವ ದಿಕ್ಕನ್ನು ಹಿಡಿದುಕೊಂಡು ಆಮೇಲೆ ಎಸೆಯುತ್ತಾರೆ.

ಇನ್ನು, ಹೊಳೆಯುವುದು ಮೀನಿನ ಯಾವ ಭಾಗ? ಮಾಂಸದ ಸಾಂದ್ರತೆ ನೀರಿನದಕ್ಕೆ ಹತ್ತಿರ, ಶಬ್ದ ಅದರೊಳಗೆ ಹೆಚ್ಚುಕಡಿಮೆ ಹಾದುಹೋಗುತ್ತದೆ. ಬಲವಾಗಿ ಹಿಂದಿರುಗಿಸುವುದು ಹೊಟ್ಟೆಯೊಳಗಿನ ಗಾಳಿಚೀಲ. ಮೀನನ್ನು ನಡುನೀರಿನಲ್ಲಿ ನಿಲ್ಲಿಸುವ ಅಂಗವೇ ಅದನ್ನು ಹಿಡಿದುಕೊಡುತ್ತದೆ. ನನ್ನನ್ನು ಕಾಡುವುದು ಇದರ ಮುಂದಿನ ಕಥೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯದಕ್ಕಿಂತ ಎರಡು ಪಟ್ಟು. ಅಲ್ಲಿಂದ ಸರಕ್ಕನೆ ಮೇಲೆಳೆದರೆ ಚೀಲದ ಗಾಳಿ ಇಮ್ಮಡಿ ಹಿಗ್ಗುತ್ತದೆ. ಗೆಂಡೆ, ಟ್ರೌಟ್‌ನಂಥ ಮೀನುಗಳಲ್ಲಿ ಗಾಳಿ ಹೊರಬಿಡಲು ಗಂಟಲಿಗೆ ನಾಳವಿದೆ. ಬಾಸ್, ಕ್ರ್ಯಾಪಿ ಮೀನುಗಳಿಗೆ ಅದಿಲ್ಲ. ಅವುಗಳಲ್ಲಿ ಗಾಳಿ ರಕ್ತದ ಮೂಲಕ ನಿಧಾನವಾಗಿಯೇ ಕರಗಿ ಹೋಗಬೇಕು. ಮೇಲೆ ಬಂದ ಮೀನಿನ ಹೊಟ್ಟೆ ಊದಿಕೊಂಡಿರುತ್ತದೆ, ಕಣ್ಣು ಉಬ್ಬಿರುತ್ತದೆ, ಕೆಲವೊಮ್ಮೆ ಜಠರ ಬಾಯಿಗೇ ಬಂದಿರುತ್ತದೆ. ಹಾಗೇ ಬಿಟ್ಟುಬಿಟ್ಟರೆ ಮಗುಚಿಕೊಂಡು ತೇಲುತ್ತದೆ. ಈಜಿಕೊಂಡು ಹೋದದ್ದೂ ಆಮೇಲೆ ಸಾಯಬಹುದು.

ಮೊದಲು ಜನ ದಡದ ಮರದ ಬೊಡ್ಡೆ, ಬಂಡೆ, ಜೊಂಡಿನ ಕಡೆಗೆ ಗಾಳ ಎಸೆಯುತ್ತಿದ್ದರು. ಚಳಿಗಾಲದಲ್ಲಿ ಆಳದ ಬಯಲುನೀರಿಗೆ ಸರಿದ ಮೀನು ಬಹುಮಟ್ಟಿಗೆ ಸುರಕ್ಷಿತವಾಗಿತ್ತು. ಅಲ್ಲೂ ಮೀನನ್ನು ತೋರಿಸುವ ಈ ಸೋನಾರ್ ಬಂದ ಮೇಲೆ ಆ ಆಸರೆ ಹೋಗಿದೆ.

ಬಾಸ್ ಹಿಡಿಯುವ ಸ್ಪರ್ಧೆಗಳನ್ನು ನಡೆಸುವ ಮೇಜರ್ ಲೀಗ್ ಫಿಶಿಂಗ್ ಸಂಸ್ಥೆ ತನ್ನ ಬಾಸ್ ಪ್ರೊ ಟೂರ್‌ನಲ್ಲಿ 2025ರಲ್ಲಿ, ದಿನದ ಮೂರು ಅವಧಿಗಳಲ್ಲಿ ಒಂದರಲ್ಲಿ ಮಾತ್ರ ಈ ಸೋನಾರ್ ಬಳಸಲು ಬಿಟ್ಟಿತು. ಅದರಿಂದ ಸ್ಪರ್ಧಿಗಳ ನಡುವಿನ ತಕರಾರು ತಗ್ಗಬಹುದು, ಮೀನಿಗಾಗುವ ಹಾನಿ ತಗ್ಗುವುದಿಲ್ಲ. ಹಿಡಿದು ಮರಳಿ ಬಿಡುವವರು ಗಡಿಯಾರಕ್ಕಿಂತ ಮೊದಲು ಪರದೆಯ ಅಂಚಿನಲ್ಲಿರುವ ಆಳದ ಅಂಕಿ ನೋಡಲಿ. ಅದು ಹತ್ತು ಮೀಟರ್ ದಾಟಿದ್ದರೆ, ಆ ಮೀನಿಗೆ ಗಾಳ ಎಸೆಯಬಾರದು.